ಬಯಲುಸೀಮೆಯಲ್ಲಿ ಮೂರು ದಿನದ ನಡಿಗೆ: ದುರ್ಗದ ದಾರಿಯೋ, ನಂದಿಯ ದಾರಿಯೋ, ಆವಣಿಯ ದಾರಿಯೋ?

ದೀಪಾವಳಿಗೆ ಊರಿಗೆ ಬಂದಿದ್ದ ನಮ್ಮ ಸೋದರಮಾವನ ಮಗ ಜಗುಲಿ ಮೇಲೆ ಕೂತು ಕೇಳಿದ. "ಭಾವ, ಮೂರು ದಿನ ರಜೆ ಹಾಕ್ತೀನಿ. ಬ್ಯಾಗು ಹಾಕ್ಕೊಂಡು ಊರಿಂದ ಊರಿಗೆ ನಡ್ಕೊಂಡು ಹೋಗ್ಬೇಕು ಅಂತ ಆಸೆ. ಅದಕ್ಕೆ ಮಲೆನಾಡಿಗೇ ಹೋಗ್ಬೇಕಾ? ನಮ್ಮ ಕಡೆ ಆಗಲ್ವಾ?"

ಖಂಡಿತ ಆಗುತ್ತದೆ. ನಾನು ತುಮಕೂರು ಜಿಲ್ಲೆಯವನು. ಚಳಿಗಾಲ ಬಂತೆಂದರೆ ನನ್ನ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಈ ಮೂರು ಜಿಲ್ಲೆಗಳಲ್ಲಿ ಜಿಲ್ಲೆಗೊಂದು ದಾರಿಯನ್ನು ನಾನು ಮತ್ತೆ ಮತ್ತೆ ನಡೆದಿದ್ದೇನೆ. ಮೊದಲನೆಯದು ಸಿದ್ಧಗಂಗೆಯಿಂದ ದೇವರಾಯನದುರ್ಗ, ಗೊರವನಹಳ್ಳಿ, ಕೊರಟಗೆರೆ ದಾಟಿ ಮಧುಗಿರಿಯ ತನಕ. ಎರಡನೆಯದು ನಂದಿಯಿಂದ ಚಿಕ್ಕಬಳ್ಳಾಪುರದ ಮೇಲೆ ಗುಡಿಬಂಡೆಗೆ. ಮೂರನೆಯದು ಕೋಲಾರದ ಅಂತರಗಂಗೆಯಿಂದ ಆವಣಿ, ಮುಳಬಾಗಿಲು, ಕುರುಡುಮಲೆಗೆ. ಮೂರೂ ಸುಮಾರು 55ರಿಂದ 60 ಕಿ.ಮೀ. ಬರುತ್ತವೆ. ಯಾವ ಹೊಲದ ಬದು ಹಿಡಿಯುತ್ತೀರಿ ಅನ್ನುವುದರ ಮೇಲೆ ನಾಲ್ಕೈದು ಕಿ.ಮೀ. ಹೆಚ್ಚುಕಮ್ಮಿ ಆಗಬಹುದು. ದೂರ ಒಂದೇ ಆದರೂ ಮೂರೂ ಎಲ್ಲರಿಗೂ ಹೊಂದುವುದಿಲ್ಲ. ಅವನಿಗೆ ಅವತ್ತು ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಬೆಟ್ಟದ ಎತ್ತರ ನೋಡಿ ಆರಿಸಬೇಡಿ

ಎಲ್ಲರೂ ಮೊದಲು ಕೇಳುವುದು ಬೆಟ್ಟ ಎಷ್ಟು ಎತ್ತರ ಅಂತ. ನಂದಿ 1,478 ಮೀಟರ್. ದೇವರಾಯನದುರ್ಗ, ಮಧುಗಿರಿ ಎರಡೂ 1,200 ಮೀಟರ್ ಆಸುಪಾಸು. ಆದರೆ ಮೂರು ದಿನದ ನಡಿಗೆಯಲ್ಲಿ ಬೆಟ್ಟ ಹತ್ತಿ ಇಳಿಯುವುದು ಹೆಚ್ಚೆಂದರೆ ಐದಾರು ಗಂಟೆ. ಉಳಿದದ್ದೆಲ್ಲ ಬೆಟ್ಟಬೆಟ್ಟದ ನಡುವಿನ ಬಯಲು. ಕೆರೆ ಏರಿ, ರಾಗಿ ಹೊಲ, ಗೋಮಾಳ, ಗುಂಡುತೋಪು, ಹಳ್ಳಿ, ಮತ್ತೆ ಕೆರೆ ಏರಿ. ಕಾಲು ಸೋಲುವುದೂ ಅಲ್ಲೇ, ಖುಷಿ ಸಿಗುವುದೂ ಅಲ್ಲೇ.

ಹಾಗಾಗಿ ನಾನು ದಾರಿಗಳನ್ನು ಹೋಲಿಸುವುದು ಮೂರು ವಿಷಯ ನೋಡಿ. ಕುಡಿಯುವ ನೀರು ಎಷ್ಟು ದೂರಕ್ಕೊಮ್ಮೆ ಸಿಗುತ್ತದೆ? ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ ಕೂರಲು ನೆರಳು ಎಲ್ಲಿದೆ? ರಾತ್ರಿ ತಲೆ ಮೇಲೆ ಸೂರು ಎಲ್ಲಿ? ಈ ಮೂರಕ್ಕೆ ಉತ್ತರ ಇದ್ದರೆ ಬೆಟ್ಟ ಯಾವುದಾದರೂ ಆಗುತ್ತದೆ.

ಇನ್ನೊಂದು ಮಾತು. ಸ್ಪೇನ್‌ನಲ್ಲಿ ಸ್ಯಾಂಟಿಯಾಗೊಗೆ ಹೋಗುವ ಹಳೆಯ ಯಾತ್ರೆಯ ದಾರಿಯಲ್ಲಿ ಹಳದಿ ಬಾಣ ಬರೆದಿರುತ್ತಾರೆ. ಅದನ್ನು ನೋಡಿಕೊಂಡು ನಡೆದರೆ ಸಾಕು. ನಮ್ಮ ಈ ದಾರಿಗಳಲ್ಲಿ ಬಾಣ ಇಲ್ಲ. ಆದರೆ ದಾರಿ ಹೊಸದೇನಲ್ಲ. ಧರ್ಮಸ್ಥಳಕ್ಕೆ, ತಿರುಪತಿಗೆ ಕಾಲ್ನಡಿಗೆಯಲ್ಲಿ ಹೋಗುವವರು ನಮ್ಮ ಊರುಗಳಲ್ಲಿ ಇವತ್ತಿಗೂ ಇದ್ದಾರೆ. ಬೆನ್ನಿಗೆ ಬ್ಯಾಗು ಹಾಕಿಕೊಂಡು ನಡೆಯುವವರನ್ನು ಕಂಡರೆ ಹಳ್ಳಿಯವರು ಆಶ್ಚರ್ಯಪಡುವುದಿಲ್ಲ. "ಯಾವ ದೇವ್ರಿಗೆ?" ಅಂತ ಕೇಳುತ್ತಾರೆ, ಅಷ್ಟೇ.

ದುರ್ಗದ ದಾರಿ: ಕ್ಯಾತ್ಸಂದ್ರದಿಂದ ಮಧುಗಿರಿ

ಇದು ನನ್ನ ಮನಸ್ಸಿಗೆ ಹತ್ತಿರದ ದಾರಿ. ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ಬಸ್ ಇಳಿದು ತಟ್ಟೆ ಇಡ್ಲಿ ತಿನ್ನಿ. ಎರಡು ತಿಂದರೆ ಮಧ್ಯಾಹ್ನದ ತನಕ ಹೊಟ್ಟೆ ಕೇಳುವುದಿಲ್ಲ. ಅಲ್ಲಿಂದ ಸಿದ್ಧಗಂಗಾ ಮಠ ಹತ್ತಿರವೇ. ಮಠದ ಹಿಂದಿನ ಬೆಟ್ಟದ ಮೆಟ್ಟಿಲು ಹತ್ತಿ ಇಳಿದರೆ ಮೈ ಬಿಸಿಯಾಗುತ್ತದೆ. ಆಮೇಲೆ ನಾಮದ ಚಿಲುಮೆಯ ಕಡೆಗೆ ಹೊರಡಿ. ಹಣೆಗೆ ನಾಮ ಇಟ್ಟುಕೊಳ್ಳಲು ನೀರಿಲ್ಲದಾಗ ರಾಮ ಬಾಣ ಬಿಟ್ಟು ಬಂಡೆಯಿಂದ ನೀರು ತರಿಸಿದ ಅನ್ನುವುದು ಅಲ್ಲಿಯ ಕಥೆ. ಬಂಡೆಯ ಸಣ್ಣ ಕುಳಿಯಲ್ಲಿ ನೀರು ಒಸರುವುದನ್ನು ನೋಡಬಹುದು. ಪಕ್ಕದಲ್ಲಿ ಅರಣ್ಯ ಇಲಾಖೆಯ ಜಿಂಕೆವನ ಇದೆ. ಮರಗಳ ನೆರಳು ದಟ್ಟವಾಗಿದೆ. ಮಧ್ಯಾಹ್ನದ ಹೊತ್ತು ಕಳೆಯಲು ಮೂರೂ ದಾರಿಗಳಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ.

ಚಿಲುಮೆಯಿಂದ ದುರ್ಗಕ್ಕೆ ಹೋಗುವುದು ಕಾಡಿನ ನಡುವಿನ ರಸ್ತೆ. ಇಲ್ಲಿ ಚಿರತೆ ಇದೆ, ಕರಡಿ ಇದೆ. ಹೆದರಬೇಕಿಲ್ಲ, ಆದರೆ ಸಮಯ ಪಾಲಿಸಬೇಕು. ನಾಲ್ಕೂವರೆ ಒಳಗೆ ಮೇಲೆ ಇರಿ. ಅಡ್ಡದಾರಿ ಹಿಡಿಯಬೇಡಿ, ಡಾಂಬರು ರಸ್ತೆ ಬಿಡಬೇಡಿ. ದುರ್ಗದಲ್ಲಿ ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ. ತಂಗುವ ಕೊಠಡಿಗಳು ಕಮ್ಮಿ. ಮುಂಚೆಯೇ ವಿಚಾರಿಸಿ ಗೊತ್ತು ಮಾಡಿಕೊಂಡು ಹೋಗಿ. ಸಿಗದಿದ್ದರೆ ಸಂಜೆ ಬಸ್ಸಿನಲ್ಲೋ ಆಟೋದಲ್ಲೋ ತುಮಕೂರಿಗೆ ಇಳಿದು ಮಲಗಿ, ಬೆಳಿಗ್ಗೆ ಮತ್ತೆ ಬನ್ನಿ. ಹಾಗೆ ಮಾಡಿದರೆ ನಡಿಗೆ ಕೆಟ್ಟಿತು ಅಂತ ಅಂದುಕೊಳ್ಳಬೇಡಿ. ಕಾಡಿನಲ್ಲಿ ಟೆಂಟ್ ಹಾಕುವುದು ಮಾತ್ರ ಬೇಡ. ಅನುಮತಿ ಇಲ್ಲ, ಕ್ಷೇಮವೂ ಅಲ್ಲ.

ಮೇಲೆ ನಿಂತಾಗ ಒಂದು ಸಂಗತಿ ನೆನಪಿಡಿ. ಇದೇ ಬೆಟ್ಟಸಾಲಿನಲ್ಲಿ ಶಿಂಷಾ ಹುಟ್ಟುತ್ತದೆ, ಜಯಮಂಗಲಿಯೂ ಹುಟ್ಟುತ್ತದೆ. ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿ ಸೇರುತ್ತದೆ. ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಗೆ ಹೋಗುತ್ತದೆ. ಒಂದೇ ಬೆಟ್ಟದ ಮೇಲೆ ಬಿದ್ದ ಮಳೆ ಎರಡು ದಿಕ್ಕಿಗೆ ಹೋಗುತ್ತದಲ್ವಾ! ಎರಡನೇ ದಿನದಿಂದ ನೀವು ನಡೆಯುವುದು ಜಯಮಂಗಲಿ ಹೋದ ಕಡೆಗೇ. ಹೊಳೆ ಅಂತ ನೀರು ನೋಡಲು ಹೋಗಬೇಡಿ. ವರ್ಷದ ಬಹುಪಾಲು ಅದು ಮರಳು, ಜೊಂಡು. ಆದರೂ ಆ ತಗ್ಗಿನ ಗುಂಟ ತೆಂಗು, ಅಡಿಕೆ ತೋಟಗಳಿವೆ. ತೋಟ ಇದ್ದ ಕಡೆ ನೆರಳಿದೆ, ಪಂಪ್‌ಸೆಟ್ ಇದೆ, ಮಾತಾಡಿಸುವ ಜನ ಇದ್ದಾರೆ.

ಎರಡನೇ ದಿನ ಗೊರವನಹಳ್ಳಿಯ ತನಕ ಸುಮಾರು 18 ಕಿ.ಮೀ. ಇಲ್ಲೇ ನಾನು ಮೊದಲ ಸಲ ಪೆಟ್ಟು ತಿಂದಿದ್ದು. ಫೋನಿನ ನಕ್ಷೆ ತೋರಿಸಿದ ಅತಿ ಹತ್ತಿರದ ಗೆರೆ ಹಿಡಿದು ಹೊರಟೆ. ಎರಡು ಗಂಟೆ ನಡೆದ ಮೇಲೆ ದಾರಿಗೆ ಅಡ್ಡವಾಗಿ ಹೊಸ ತಂತಿಬೇಲಿ. ಆಚೆ ಹೋಗಲು ಎಲ್ಲೂ ಸಂದಿ ಇಲ್ಲ. ಫೆಬ್ರವರಿ ಕೊನೆಯ ವಾರ, ಮಧ್ಯಾಹ್ನ ಒಂದು ಗಂಟೆ, ಬಾಟಲಿಯಲ್ಲಿ ಎರಡು ಗುಟುಕು ನೀರು. ಮೂರು ಕಿ.ಮೀ. ವಾಪಸ್ ನಡೆದೆ. ಹುಣಸೆ ಮರದ ಕೆಳಗೆ ಹುಣಸೆಹಣ್ಣು ಬಡಿಯುತ್ತಿದ್ದ ಅಜ್ಜಿಯೊಬ್ಬರು ನನ್ನ ಮುಖ ನೋಡಿ ಏನೂ ಕೇಳಲಿಲ್ಲ. ಚೊಂಬಿನ ತುಂಬ ನೀರು ಮಜ್ಜಿಗೆ ಕೊಟ್ಟರು. ಕುಡಿದಾದ ಮೇಲೆ ಹೇಳಿದರು, "ಮಗಾ, ದಾರಿ ಕೇಳ್ಕೊಂಡು ನಡೀಬೇಕು, ನೋಡ್ಕೊಂಡು ನಡೀಬಾರ್ದು." ಅವತ್ತಿನಿಂದ ಪ್ರತಿ ಊರಲ್ಲೂ ಕೇಳಿಯೇ ಮುಂದೆ ಹೋಗುತ್ತೇನೆ.

ಗೊರವನಹಳ್ಳಿಯಲ್ಲಿ ಮಹಾಲಕ್ಷ್ಮಿ ದೇವಸ್ಥಾನ ಇರುವುದರಿಂದ ಭಕ್ತರು ತಂಗಲು ವ್ಯವಸ್ಥೆ ಇದೆ. ಶುಕ್ರವಾರ ತುಂಬಾ ಜನ. ಬೇರೆ ದಿನ ಆರಾಮ. ಹತ್ತಿರದ ತೀತಾ ಜಲಾಶಯದ ಏರಿ ಮೇಲೆ ಸಂಜೆ ಕೂತರೆ ಎದ್ದು ಬರಲು ಮನಸ್ಸಾಗುವುದಿಲ್ಲ.

ಮೂರನೇ ದಿನ ಕಷ್ಟದ್ದು. ಕೊರಟಗೆರೆ ದಾಟಿ, ಚನ್ನರಾಯನದುರ್ಗದ ಬುಡ ಸವರಿ ಮಧುಗಿರಿ ಸೇರಬೇಕೆಂದರೆ ಒಂದೇ ದಿನಕ್ಕೆ 25 ಕಿ.ಮೀ. ಮೀರುತ್ತದೆ. ಕೊರಟಗೆರೆಯಿಂದ ಮಧುಗಿರಿಗೆ ಹೋಗುವ ಹೆದ್ದಾರಿಯಲ್ಲಿ ನಡೆಯಬೇಡಿ. ಲಾರಿ, ಬಸ್ಸು, ದೂಳು. ಒಳಗಿನ ಹಳ್ಳಿ ರಸ್ತೆಗಳಲ್ಲಿ ಸುತ್ತಿ ಹೋಗಿ. ಚನ್ನರಾಯನದುರ್ಗದ ಕೋಟೆಗೆ ಹೋಗುವವರು ಕಮ್ಮಿ. ಮುಳ್ಳು, ಲಂಟಾನ ಬೆಳೆದು ದಾರಿ ಮುಚ್ಚಿರುತ್ತದೆ. ಊರಿನವರು ಯಾರಾದರೂ ಜೊತೆಗೆ ಬಂದರೆ ಹತ್ತಿ, ಇಲ್ಲದಿದ್ದರೆ ಕೆಳಗಿನಿಂದಲೇ ನೋಡಿ ಮುಂದೆ ನಡೆಯಿರಿ.

ಮಧುಗಿರಿಯ ಏಕಶಿಲಾ ಬೆಟ್ಟಕ್ಕೆ ನಾಲ್ಕನೇ ದಿನದ ಬೆಳಿಗ್ಗೆ ಇಟ್ಟುಕೊಳ್ಳಿ ಅನ್ನುವುದು ನನ್ನ ಖಡಾಖಂಡಿತ ಸಲಹೆ. ಕೋಟೆಯ ಕೆಳಗಿನ ಭಾಗ ಸುಲಭ. ಮೇಲಿನರ್ಧ ಬೋಳು ಬಂಡೆ, ಕಡಿದಾದ ಇಳಿಜಾರು, ಬಂಡೆಯಲ್ಲಿ ಕೊರೆದ ಸಣ್ಣ ಮೆಟ್ಟಿಲು. ಮೂರು ದಿನ ನಡೆದು ಸೋತ ಕಾಲಿನಲ್ಲಿ ಸಂಜೆ ಅಲ್ಲಿ ಹತ್ತುವುದು ತಪ್ಪು. ಮಳೆ ಬಿದ್ದಿದ್ದರೆ ಯಾವ ಹೊತ್ತಿನಲ್ಲೂ ಬೇಡ. ಹೆಜ್ಜೇನು ಕಟ್ಟಿರುವ ಬಂಡೆ ಕಂಡರೆ ಗಲಾಟೆ ಮಾಡದೆ, ಬೀಡಿ ಸಿಗರೇಟು ಹಚ್ಚದೆ ದಾಟಿಬಿಡಿ.

ನಂದಿಯ ದಾರಿ: ಹೆಸರು ದೊಡ್ಡದು, ದಿನ ನೋಡಿ ಹೋಗಬೇಕು

ಬೆಂಗಳೂರಿನವರಿಗೆ ಇದು ಹತ್ತಿರ. ಅದೇ ಇದರ ಒಳ್ಳೆಯದು, ಅದೇ ಇದರ ತೊಂದರೆ. ಶನಿವಾರ, ಭಾನುವಾರ ನಂದಿ ರಸ್ತೆಯಲ್ಲಿ ಬೈಕು, ಕಾರುಗಳ ಸಾಲು. ಆ ದಿನಗಳಲ್ಲಿ ಕಾಲ್ನಡಿಗೆಯವನಿಗೆ ಅಲ್ಲಿ ಸುಖ ಇಲ್ಲ. ಸೋಮವಾರ ಶುರು ಮಾಡಿದರೆ ಅದೇ ಬೆಟ್ಟ ಬೇರೆಯೇ ಆಗಿ ಕಾಣುತ್ತದೆ.

ಮೊದಲ ದಿನ ನಂದಿ ಗ್ರಾಮದ ಭೋಗನಂದೀಶ್ವರನಿಂದ ಶುರು. ಆ ದೇವಸ್ಥಾನದ ಕಲ್ಯಾಣಿ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂರದೆ ಹೊರಡಬೇಡಿ. ಆಮೇಲೆ ವಾಹನದ ರಸ್ತೆ ಬಿಟ್ಟು ಸುಲ್ತಾನ್‌ಪೇಟೆ ಕಡೆಯ ಹಳೆಯ ಮೆಟ್ಟಿಲು ಹಿಡಿಯಿರಿ. ಸಾವಿರಕ್ಕೂ ಜಾಸ್ತಿ ಮೆಟ್ಟಿಲಿವೆ. ಮೇಲೆ ಯೋಗನಂದೀಶ್ವರ, ಅಮೃತ ಸರೋವರ, ಕೋಟೆ ಗೋಡೆ. 1791ರಲ್ಲಿ ಟಿಪ್ಪುವಿನ ಸೈನ್ಯದಿಂದ ಬ್ರಿಟಿಷರು ಗೆದ್ದುಕೊಂಡ ಕೋಟೆ ಇದು. ಆ ಮೆಟ್ಟಿಲು ಹತ್ತಿದ ಮೇಲೆ, ಇದನ್ನು ಗೆಲ್ಲುವುದು ಯಾಕೆ ಕಷ್ಟವಾಗಿತ್ತು ಅನ್ನುವುದು ಮಂಡಿಗೆ ಗೊತ್ತಾಗುತ್ತದೆ. ಬೆಟ್ಟದ ಮೇಲೆ ಸರ್ಕಾರಿ ವಸತಿ ಇದೆ, ಮುಂಗಡ ಬುಕ್ ಮಾಡಬೇಕು.

ಎರಡನೇ ದಿನ ಇಳಿದು ಮುದ್ದೇನಹಳ್ಳಿಯ ಮೇಲೆ ಚಿಕ್ಕಬಳ್ಳಾಪುರ. ಸರ್ ಎಂ. ವಿಶ್ವೇಶ್ವರಯ್ಯನವರು 1861ರಲ್ಲಿ ಹುಟ್ಟಿದ ಊರು ಮುದ್ದೇನಹಳ್ಳಿ. ಅವರ ಮನೆ, ಸಮಾಧಿ ನೋಡಬಹುದು. ಸ್ಕಂದಗಿರಿಯನ್ನೂ ಸೇರಿಸಿಕೊಳ್ಳುವ ಆಸೆ ಇದ್ದರೆ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಮೊದಲೇ ಮಾಡಿಸಿ. ಬುಕಿಂಗ್ ಇಲ್ಲದೆ ಬುಡಕ್ಕೆ ಹೋಗಿ ನಿಂತರೆ ಬಿಡುವುದಿಲ್ಲ, ಬಿಡಬಾರದು ಕೂಡ. ಹಾಗೆಯೇ ನೀವು ಹೋಗುವ ಬೇರೆ ಬೆಟ್ಟಗಳ ಹೆಸರೂ ಆ ಪಟ್ಟಿಯಲ್ಲಿ ಇದೆಯಾ ಅಂತ ಹೊರಡುವ ಮುಂಚೆ ನೋಡಿ. ಪಟ್ಟಿ ಬದಲಾಗುತ್ತಾ ಇರುತ್ತದೆ.

ಮೂರನೇ ದಿನ ಚಿಕ್ಕಬಳ್ಳಾಪುರದಿಂದ ಗುಡಿಬಂಡೆ ಕಡೆಗೆ. ಇದು 30 ಕಿ.ಮೀ. ಮೀರುವುದರಿಂದ ಹೈದರಾಬಾದ್ ಹೆದ್ದಾರಿಯ ಮೊದಲ ಭಾಗವನ್ನು ಬಸ್ಸಿನಲ್ಲಿ ಕಳೆದುಬಿಡಿ. ಪೇರೇಸಂದ್ರದಲ್ಲಿ ಇಳಿದು ಅಲ್ಲಿಂದ ನಡೆಯಿರಿ. ದ್ರಾಕ್ಷಿ ತೋಟ, ಹೂವಿನ ತೋಟ ನೋಡಲು ಚೆಂದ. ಆದರೆ ಎಲ್ಲದಕ್ಕೂ ಬೇಲಿ. ಬದು ಹಿಡಿದು ಹೋಗುವ ಅವಕಾಶ ಕಮ್ಮಿ. ಕಲ್ಲು ಕ್ವಾರಿಯ ಟಿಪ್ಪರ್‌ಗಳು ಓಡಾಡುವ ರಸ್ತೆಗಳೂ ಇವೆ. ಈ ಭಾಗದಲ್ಲಿ ನೆರಳು ತೀರಾ ಕಮ್ಮಿ. ಗುಡಿಬಂಡೆಯ ಕೋಟೆ ಮೇಲೆ ನಿಂತಾಗ ಆ ದಣಿವು ಮರೆಯುತ್ತದೆ. ಕೆಳಗೆ ಅಮಾನಿ ಬೈರಸಾಗರ ಕೆರೆ, ಸುತ್ತ ಬಂಡೆಗುಡ್ಡಗಳು. ಕೋಟೆಯೊಳಗೆ ಬಂಡೆಯ ಹೊಂಡಗಳಲ್ಲಿ ಮಳೆನೀರು ಹಿಡಿದಿಟ್ಟ ರೀತಿ ನೋಡಿದರೆ ಆ ಕಾಲದವರ ಮೇಲೆ ಗೌರವ ಬರುತ್ತದೆ. ಗುಡಿಬಂಡೆಯಲ್ಲಿ ವಸತಿ ಕಮ್ಮಿ, ಹಾಗಾಗಿ ಸಂಜೆಗೇ ಬಸ್ ಹತ್ತುವ ಲೆಕ್ಕ ಇಟ್ಟುಕೊಳ್ಳಿ.

ಆವಣಿಯ ದಾರಿ: ಸಮತಟ್ಟು, ಹಳೆಯದು, ಮೊದಲ ಸಲಕ್ಕೆ ಸರಿಯಾದದ್ದು

ಕೋಲಾರ ಅಂದರೆ ಚಿನ್ನದ ಗಣಿ, ಬರಗಾಲ ಅಂತಷ್ಟೇ ಹೊರಗಿನವರು ಅಂದುಕೊಂಡಿದ್ದಾರೆ. ನಡೆಯುವವನಿಗೆ ಕೋಲಾರ ಅಂದರೆ ಕೆರೆ. ಹನ್ನೆರಡೂ ತಿಂಗಳು ಹರಿಯುವ ನದಿ ಇಲ್ಲದ ಸೀಮೆ ಇದು. ಅದಕ್ಕೇ ಹಿಂದಿನವರು ಸಾವಿರಾರು ಕೆರೆ ಕಟ್ಟಿದರು. ಒಂದು ಕೆರೆಯ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ. ಈ ಏರಿಗಳೇ ನಿಮ್ಮ ದಾರಿ. ಏರಿಯ ಮೇಲೆ ಬೇಲಿ ಇರುವುದಿಲ್ಲ, ಗಾಳಿ ಬರುತ್ತದೆ, ದೂರ ಕಾಣುತ್ತದೆ, ಸಾಮಾನ್ಯವಾಗಿ ಕೊನೆಗೊಂದು ಗುಡಿಯೋ ಅರಳಿಕಟ್ಟೆಯೋ ಇರುತ್ತದೆ.

ಮೊದಲ ದಿನ ಕೋಲಾರದಲ್ಲಿ ಕೋಲಾರಮ್ಮ, ಸೋಮೇಶ್ವರ ದೇವಸ್ಥಾನ ನೋಡಿ ಅಂತರಗಂಗೆಗೆ ಹೋಗಿ. ಊರಿಂದ ನಾಲ್ಕು ಕಿ.ಮೀ. ಅಷ್ಟೇ. ಬಸವನ ಬಾಯಿಂದ ನೀರು ಬೀಳುವ ಕೊಳ, ಅದರ ಮೇಲೆ ಬಂಡೆಗಳ ನಡುವಿನ ಗವಿಗಳು. ಬಹಳ ಜನ ಗವಿ ನುಸುಳಿ ಅಲ್ಲಿಂದಲೇ ವಾಪಸ್ ಬರುತ್ತಾರೆ. ನೀವು ಇನ್ನೂ ಮೇಲೆ ಹೋಗಿ. ಶತಶೃಂಗ ಪರ್ವತದ ನೆತ್ತಿ ಚಪ್ಪಟೆ. ಅಲ್ಲಿ ತೇರಹಳ್ಳಿ ಮೊದಲಾದ ಊರುಗಳಿವೆ. ಬೆಟ್ಟದ ತಲೆ ಮೇಲೆ ರಾಗಿ ಹೊಲ, ಕಣ, ಕುರಿ ರೊಪ್ಪ! ಮೊದಲ ಸಲ ನೋಡಿದಾಗ ಬೆಟ್ಟ ಹತ್ತಿದ್ದೇನೋ ಇಲ್ಲವೋ ಅಂತ ನನಗೆ ಅನುಮಾನ ಬಂದಿತ್ತು. ಗವಿಯೊಳಗೆ ಮಾತ್ರ ಒಬ್ಬರೇ ಇಳಿಯಬೇಡಿ. ರಾತ್ರಿ ಕೋಲಾರಕ್ಕೇ ವಾಪಸ್ಸಾಗಿ ಮಲಗಿ, ಲಾಡ್ಜ್‌ಗಳು ಬೇಕಾದಷ್ಟಿವೆ.

ಎರಡನೇ ದಿನ ಪೂರ್ವಕ್ಕೆ, ಆವಣಿಗೆ. 25 ಕಿ.ಮೀ. ಹತ್ತಿರ. ಮೂರೂ ದಾರಿಗಳ ಒಂಬತ್ತು ದಿನಗಳಲ್ಲಿ ಒಂದೇ ದಿನ ಆರಿಸು ಅಂದರೆ ನಾನು ಆರಿಸುವುದು ಇದನ್ನೇ. ಹಿಪ್ಪುನೇರಳೆ ತೋಟ, ಟೊಮೆಟೊ ಹೊಲ, ಮಾವಿನ ತೋಪು, ನಡುವೆ ಕೆರೆ. ಡಿಸೆಂಬರ್, ಜನವರಿಯಲ್ಲಿ ಹೋದರೆ ಅವರೆಕಾಯಿಯ ಸೊಗಡು ದಾರಿಯುದ್ದಕ್ಕೂ ಮೂಗಿಗೆ ಬಡಿಯುತ್ತದೆ. ಏರುತಗ್ಗು ಇಲ್ಲದ್ದರಿಂದ ಗಂಟೆಗೆ ನಾಲ್ಕು ಕಿ.ಮೀ. ಸಲೀಸಾಗಿ ಸಾಗುತ್ತದೆ. ಇಲ್ಲಿ ಮನೆಮಾತು ಬಹಳ ಕಡೆ ತೆಲುಗು. ಕನ್ನಡ ಎಲ್ಲರಿಗೂ ಬರುತ್ತದೆ. ಆದರೂ "ದಾರಿ ಎಟು ಅನ್ನಾ?" ಅಂತ ಎರಡು ಮಾತು ಅವರ ಭಾಷೆಯಲ್ಲಿ ಕೇಳಿ ನೋಡಿ. ಕಾಫಿ ಕುಡಿಯದೆ ಮುಂದೆ ಬಿಡುವುದಿಲ್ಲ.

ಸಂಜೆಯ ಬಿಸಿಲಲ್ಲಿ ಆವಣಿಯ ಬೆಟ್ಟ ದೂರದಿಂದಲೇ ಕಾಣುತ್ತದೆ. ವಾಲ್ಮೀಕಿಯ ಆಶ್ರಮ ಇಲ್ಲಿತ್ತು, ಲವಕುಶರು ಹುಟ್ಟಿದ್ದು ಇಲ್ಲೇ ಅನ್ನುವುದು ಊರಿನ ನಂಬಿಕೆ. ಬೆಟ್ಟದ ಮೇಲೆ ಸೀತಾಪಾರ್ವತಿಯ ಗುಡಿ. ಕೆಳಗೆ ನೊಳಂಬರ ಕಾಲದ ರಾಮಲಿಂಗೇಶ್ವರ ದೇವಸ್ಥಾನಗಳ ಗುಂಪು. ಒಂದೇ ಆವರಣದಲ್ಲಿ ರಾಮ, ಲಕ್ಷ್ಮಣ, ಭರತ, ಶತ್ರುಘ್ನ ಇವರ ಹೆಸರಿನ ಶಿವಾಲಯಗಳಿವೆ. ಕತ್ತಲಾಗುವ ಮುಂಚೆ ಒಂದು ಸುತ್ತು, ಬೆಳಿಗ್ಗೆ ಇನ್ನೊಂದು ಸುತ್ತು ಹಾಕಿ. ಬೆಳಕು ಬದಲಾದಂತೆ ಕಂಬದ ಮೇಲಿನ ಕೆತ್ತನೆ ಬದಲಾಗಿ ಕಾಣುತ್ತದೆ. ತಂಗಲು ಊರಲ್ಲಿ ಕೇಳಿ. ಆಗದಿದ್ದರೆ ಮುಳಬಾಗಿಲಿಗೆ ಹತ್ತಾರು ಕಿ.ಮೀ. ಅಷ್ಟೇ, ಹೋಗಿ ಮಲಗಿ ಬೆಳಿಗ್ಗೆ ವಾಪಸ್ ಬರಬಹುದು.

ಮೂರನೇ ದಿನ ಮುಳಬಾಗಿಲು, ಅಲ್ಲಿಂದ ಕುರುಡುಮಲೆ. ಮೂಡಣದ ಬಾಗಿಲು ಅನ್ನುವುದೇ ಮುಳಬಾಗಿಲು ಆಯಿತು ಅನ್ನುತ್ತಾರೆ. ಇಲ್ಲಿಯ ಆಂಜನೇಯನನ್ನು ನೋಡಿ, ತುಪ್ಪದ ದೋಸೆ ತಿಂದು, ಉಳಿದ ಹತ್ತು ಕಿ.ಮೀ. ನಡೆದರೆ ಕುರುಡುಮಲೆಯ ದೊಡ್ಡ ಗಣಪ. ಹದಿಮೂರು ಅಡಿಗೂ ಎತ್ತರದ ಒಂದೇ ಕಲ್ಲಿನ ವಿಗ್ರಹ. ಪಕ್ಕದ ಸೋಮೇಶ್ವರ ಗುಡಿಯನ್ನು ಬಿಡಬೇಡಿ. ಗಣಪನನ್ನು ನೋಡಿ ಹಾಗೇ ವಾಪಸ್ ಹೋಗುವವರೇ ಜಾಸ್ತಿ, ಅದು ನನಗೆ ಬೇಸರ.

ನೀರು, ನೆರಳು, ಸೂರು: ಮೂರನ್ನೂ ಪಕ್ಕಪಕ್ಕ ಇಟ್ಟರೆ

ನೀರಿನ ಮಟ್ಟಿಗೆ ಕೋಲಾರದ ದಾರಿಯೇ ಸುಲಭ. ನಾಲ್ಕೈದು ಕಿ.ಮೀ. ಒಳಗೆ ಒಂದು ಊರು ಬಂದೇ ಬರುತ್ತದೆ. ಆದರೆ ಕೆರೆ ತುಂಬಿದೆ ಅಂತ ಅದರ ನೀರು ಕುಡಿಯಬೇಡಿ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೋಲಾರದ ಎಷ್ಟೋ ಕೆರೆಗಳಿಗೆ ಬಿಡುತ್ತಿದ್ದಾರೆ. ಅದು ಅಂತರ್ಜಲ ಏರಿಸಲು, ಕುಡಿಯಲು ಅಲ್ಲ. ಬೋರ್‌ವೆಲ್ ನೀರಲ್ಲಿ ಈ ಮೂರೂ ಜಿಲ್ಲೆಗಳ ಬಹಳ ಕಡೆ ಫ್ಲೋರೈಡ್ ಜಾಸ್ತಿ. ಎರಡು ದಿನಕ್ಕೆ ಅದರಿಂದ ಏನೂ ಆಗುವುದಿಲ್ಲ. ಆದರೂ ಊರೂರಲ್ಲಿ ಶುದ್ಧ ನೀರಿನ ಘಟಕ ಇರುವಾಗ ಅದನ್ನೇ ಬಳಸಿ. ನಾಣ್ಯ ಹಾಕಿದರೆ ಒಮ್ಮೆಗೇ ಒಂದು ಕ್ಯಾನ್ ಆಗುವಷ್ಟು ನೀರು ಬರುತ್ತದೆ. ನಿಮ್ಮ ಹತ್ತಿರ ಇರುವುದು ಎರಡು ಬಾಟಲಿ. ಹಾಗಾಗಿ ಕ್ಯಾನ್ ತುಂಬಿಸಲು ಬಂದವರಿಗೆ "ಅಕ್ಕಾ, ಎರಡು ಬಾಟ್ಲಿ ಹಿಡ್ಕೊಳ್ಲಾ?" ಅಂದರೆ ಯಾರೂ ಬೇಡ ಅನ್ನುವುದಿಲ್ಲ. ದುರ್ಗದ ದಾರಿಯಲ್ಲಿ ಮಾತ್ರ ಒಬ್ಬರಿಗೆ ಮೂರು ಲೀಟರ್ ಹೊತ್ತುಕೊಳ್ಳಿ. ಎರಡನೇ ದಿನ ಊರುಗಳ ನಡುವಿನ ಅಂತರ ಜಾಸ್ತಿ.

ನೆರಳಿನಲ್ಲಿ ದುರ್ಗದ ದಾರಿಗೆ ಮೊದಲ ಸ್ಥಾನ, ಕೋಲಾರಕ್ಕೆ ಎರಡನೆಯದು. ನಂದಿಯಲ್ಲಿ ಬೆಟ್ಟದ ಮೇಲೆ ತಂಪು, ಕೆಳಗೆ ಬಿಸಿಲು. ಸೂರಿನ ವಿಷಯದಲ್ಲಿ ಕೋಲಾರ ಮುಂದೆ, ಅದರಲ್ಲಿ ಅನುಮಾನವಿಲ್ಲ. ಹೆಂಗಸರು ಇಬ್ಬರು ಮೂವರೇ ಹೋಗುವಾಗ, ವಯಸ್ಸಾದವರು ಜೊತೆಗಿದ್ದಾಗ ಇದೇ ಎಲ್ಲಕ್ಕಿಂತ ಮುಖ್ಯ. ಅವರಿಗೆ ನಾನು ಹೇಳುವುದು, ಕೋಲಾರದ ದಾರಿ ನಡೆಯಿರಿ, ರಾತ್ರಿ ಮಾತ್ರ ಕೋಲಾರ, ಮುಳಬಾಗಿಲು ಈ ಎರಡು ಪೇಟೆಗಳಲ್ಲೇ ಮಲಗಿ. ನಡುವೆ ಯಾರಿಗಾದರೂ ಆಗದಿದ್ದರೆ ಕೋಲಾರ ಮುಳಬಾಗಿಲು ಹೆದ್ದಾರಿಯಲ್ಲಿ ಬಸ್ಸಿಗೆ ಕಾಯುವ ಹೊತ್ತು ಕಮ್ಮಿ. ಈ ಸೌಲಭ್ಯ ದುರ್ಗದ ಎರಡನೇ ದಿನ ಇಲ್ಲ.

ಒಂದೇ ವಾರಾಂತ್ಯ ಸಿಗುವವರಿಗೆ? ನಂದಿ ಬೇಡ. ಅಂತರಗಂಗೆ ಒಂದು ದಿನ, ಆವಣಿ ಒಂದು ದಿನ ಸಾಕು. ಮಕ್ಕಳ ಜೊತೆಗೆ ಒಂದೇ ದಿನ ಅಂದರೆ ಸಿದ್ಧಗಂಗೆಯಿಂದ ನಾಮದ ಚಿಲುಮೆ.

ಯಾವಾಗ, ಏನು ಹೊತ್ತು

ನವೆಂಬರ್ ಕೊನೆಯಿಂದ ಫೆಬ್ರವರಿ ಮಧ್ಯದ ತನಕ. ಹಿಂಗಾರು ಮುಗಿದು ಕೆರೆಯಲ್ಲಿ ನೀರಿರುತ್ತದೆ, ರಾಗಿ ಕೊಯ್ಲಾಗಿ ಹೊಲದಲ್ಲಿ ದಾರಿ ಬಿಟ್ಟಿರುತ್ತದೆ. ಮಾರ್ಚ್ ಆದ ಮೇಲೆ ಬಂಡೆ ಕಾವಲಿಯಾಗುತ್ತದೆ. ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆ, ನಂದಿ, ಆವಣಿ ಮೂರೂ ಕಡೆ ಜಾತ್ರೆ. ಸಿದ್ಧಗಂಗೆ, ಆವಣಿಯಲ್ಲಿ ದನಗಳ ಜಾತ್ರೆಯೂ ಸೇರುತ್ತದೆ. ಊಟಕ್ಕೆ ಚಿಂತೆ ಇಲ್ಲ, ರೂಮು ಮಾತ್ರ ಸಿಗುವುದಿಲ್ಲ. ಜಾತ್ರೆ ನೋಡುವ ಆಸೆ ಇದ್ದರೆ ಒಂದು ಕಂಬಳಿ ಇಟ್ಟುಕೊಂಡು ಧೈರ್ಯವಾಗಿ ಹೋಗಿ.

ದಾರಿ ಹುಡುಕಲು ಕಂದಾಯ ಇಲಾಖೆಯ ಗ್ರಾಮ ನಕ್ಷೆಗಳು ತುಂಬಾ ಉಪಯೋಗ. ಆನ್‌ಲೈನ್‌ನಲ್ಲೇ ಸಿಗುತ್ತವೆ. ಕಾಲುದಾರಿ, ಬಂಡಿದಾರಿ, ಕೆರೆ, ಹಳ್ಳ ಎಲ್ಲವನ್ನೂ ಅದರಲ್ಲಿ ಗುರುತಿಸಿರುತ್ತಾರೆ. ನಮ್ಮ ಕಡೆ ಜಮೀನಿನ ತಕರಾರು ಬಂದಾಗ "ನಕಾಶೆ ಕಂಡ ದಾರಿ" ಅನ್ನುವುದು ಇದಕ್ಕೇ. ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಗೊತ್ತಾಗುತ್ತದೆ. ಎರಡನ್ನೂ ಹೊಂದಿಸಿದರೆ ಎಲ್ಲಿದ್ದೀರಿ ಅಂತ ತಿಳಿಯುತ್ತದೆ. ನಕ್ಷೆಯಲ್ಲಿ ದಾರಿ ಇದ್ದು ಹೊಲದಲ್ಲಿ ಇಲ್ಲದಿದ್ದರೆ ಜಗಳಕ್ಕೆ ನಿಲ್ಲಬೇಡಿ. ಯಜಮಾನರನ್ನು ಕೇಳಿ, ಬದುವಿನ ಮೇಲೆ ಹೋಗಿ, ಪೈರು ತುಳಿಯಬೇಡಿ. ಜನ ಹೇಳುವ ದೂರವನ್ನು ಮಾತ್ರ ದುಪ್ಪಟ್ಟು ಮಾಡಿಕೊಳ್ಳಿ. "ಇಲ್ಲೇ, ಕೂಗಳತೆ" ಅಂದರೆ ಒಂದು ಕಿ.ಮೀ. ಇದ್ದೇ ಇರುತ್ತದೆ.

ಚೀಲದಲ್ಲಿ ರಾಗಿ ಹುರಿಹಿಟ್ಟು, ಬೆಲ್ಲ, ಕಡ್ಲೆಕಾಯಿ ಬೀಜ ಇರಲಿ. ಹುರಿಹಿಟ್ಟಿಗೆ ಒಲೆ ಬೇಡ. ನೀರು, ಬೆಲ್ಲ ಹಾಕಿ ಕಲಸಿದರೆ ಮಧ್ಯಾಹ್ನದ ಊಟ ಮುಗಿಯಿತು. ಹಳೆಯ, ಕಾಲಿಗೆ ಒಗ್ಗಿದ ಶೂ ಹಾಕಿ. ಹೊಸದಾದರೆ ಮೊದಲ ದಿನವೇ ಹಿಮ್ಮಡಿಯಲ್ಲಿ ಬೊಬ್ಬೆ ಏಳುತ್ತದೆ. ಗೋಮಾಳದಲ್ಲಿ ನೆಗ್ಗಿಲು ಮುಳ್ಳು ಜಾಸ್ತಿ, ಚಪ್ಪಲಿಯಲ್ಲಿ ಹೋಗಬೇಡಿ. ಕೈಯಲ್ಲೊಂದು ಕೋಲು ಬೇಕು. ನಾಯಿಗೂ ಆಯಿತು, ಹುಲ್ಲಲ್ಲಿ ಕಾಲಿಡುವ ಮುಂಚೆ ಬಡಿಯಲೂ ಆಯಿತು. ಈ ಸೀಮೆಯಲ್ಲಿ ಕೊಳಕುಮಂಡಲ ಇದೆ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಮಾಡದೆ, 108ಕ್ಕೆ ಫೋನ್ ಮಾಡಿ ಕಾಲು ಅಲುಗಿಸದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ನಮ್ಮ ಮಾವನ ಮಗ ಕೊನೆಗೆ ಕೋಲಾರವನ್ನೇ ಆರಿಸಿದ. ಜನವರಿಯಲ್ಲಿ ಹೆಂಡತಿಯನ್ನೂ ಕರೆದುಕೊಂಡು ಹೋದ. ಆವಣಿಯ ಬೆಟ್ಟದ ಮೇಲಿಂದ ಫೋನ್ ಮಾಡಿ, "ಭಾವ, ಇಲ್ಲಿಂದ ಏಳು ಕೆರೆ ಎಣಿಸಿದ್ವಿ" ಅಂದ. ಈ ಸಲ ಇಬ್ಬರಿಗೂ ದುರ್ಗದ ದಾರಿ ಬೇಕಂತೆ. ನಾಲ್ಕು ದಿನ ರಜೆ ಹಾಕು, ಮಧುಗಿರಿ ಬೆಟ್ಟ ಬೆಳಿಗ್ಗೆ ಆರಕ್ಕೆ ಹತ್ತಬೇಕು ಅಂತ ಹೇಳಿದ್ದೇನೆ.